ನಾಲ್ಕನೇ ಬಾಟಲಿ

ನಮ್ಮೂರಿಗೆ ಹೆಣ್ಣು ಕೊಡಲು ಬರುವವರು ಗಂಡಿನ ಸಂಬಳ ಕೇಳುವ ಮೊದಲು ಅವನ ಮನೆ ಮುಂದಿನ ಮೋಸಂಬಿ ಗಿಡ ನೋಡುತ್ತಾರೆ. ಎಲೆ ತಿರುಗಿಸಿ ನೋಡುತ್ತಾರೆ, ಕಾಯಿ ಮೂಸಿ ನೋಡುತ್ತಾರೆ. ಯಾರಾದರೂ ಉಗುರಿನಿಂದ ತೊಗಟೆ ಗೀರಲು ಹೋದರೆ ಮಾತ್ರ ಒಳಗಿನಿಂದ ಗಂಡಿನ ತಾಯಿ "ಅಯ್ಯೋ ನನ್ನ ಬೆನ್ನು" ಅನ್ನುತ್ತಾಳೆ. ಇಲ್ಲಿ ಮನೆಗೊಂದು ಮೋಸಂಬಿ ಗಿಡ; ಗಿಡಕ್ಕೆ ಆದದ್ದು ಮನೆಯವರ ಮೈಗೂ ಆಗುತ್ತದೆ. ಹೊಸ ಸೊಸೆ ಬಂದ ದಿನ ಗಿಡದ ಬುಡಕ್ಕೆ ಒಂದು ಕೊಡ ನೀರು ಹೊಯ್ದಳೆಂದರೆ ಅವತ್ತಿನಿಂದ ಅವಳ ಮೈಯೂ ಆ ಗಿಡದ್ದೇ. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ಹಾಗಿಲ್ಲ ಎಂದು ನಾವು ಕೇಳುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಇದರಿಂದ ನಮಗೇನೂ ದೊಡ್ಡ ತೊಂದರೆ ಇರಲಿಲ್ಲ. ಕೊಂಬೆ ಕತ್ತರಿಸುವ ದಿನ ಮನೆಮಂದಿಯೆಲ್ಲ ರಜೆ ಹಾಕಿ ಚಾಪೆಯ ಮೇಲೆ ಮಲಗುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ 'ಕೊಂಬೆ ರಜೆ' ಎಂದು ಬರೆಯಲು ಅವಕಾಶವಿದೆ. ಬೇಸಿಗೆಯಲ್ಲಿ ನೀರು ಹಾಕುವುದನ್ನು ಯಾರೂ ಮರೆಯುವುದಿಲ್ಲ, ಯಾಕೆಂದರೆ ಮರೆತವರ ಗಂಟಲು ನೆನಪಿಸುತ್ತದೆ. ನಮ್ಮ ಜನ ಗಿಡಗಳನ್ನು ಮಕ್ಕಳಂತೆ ಸಾಕುತ್ತಾರೆ ಎಂದು ಹೊರಗಿನ ಪತ್ರಿಕೆಯೊಂದು ಹೊಗಳಿ ಬರೆದಿತ್ತು. ಪ್ರೀತಿ ಗೀತಿ ಏನೂ ಇಲ್ಲ, ಬಾಯಾರಿಕೆ ಅಷ್ಟೇ.

ನನ್ನ ಹೆಸರು ರೇವಮ್ಮ, ಊರಿಗೆಲ್ಲ ರೇವಕ್ಕ. ಬಸ್ ನಿಲ್ದಾಣದ ಎದುರು ಅಪ್ಪ ಬಿಟ್ಟುಹೋದ ಗಡಿಯಾರ ರಿಪೇರಿ ಅಂಗಡಿ ನನ್ನದು. ಜನ ಗಡಿಯಾರ ಕಟ್ಟುವುದನ್ನೇ ಬಿಟ್ಟ ಮೇಲೆ ನನ್ನ ಕೆಲಸ ಬಹಳ ಹಗುರವಾಗಿದೆ. ಮದುವೆಯಾಗಲಿಲ್ಲ, ಹಾಗಾಗಿ ನನ್ನ ಗಿಡದ ಸುಖದುಃಖ ಹಂಚಿಕೊಳ್ಳಲು ಬೇರೆ ಯಾರೂ ಇಲ್ಲ. ಪಕ್ಕದ ಮನೆ ದಾನಮ್ಮನದು. ಅವಳು ಜೋಳದ ರೊಟ್ಟಿ ಬಡಿದು ಮಾರುವವಳು. ಹೆಂಚು ಕಾದಿದೆಯೋ ಇಲ್ಲವೋ ಎಂದು ಅಂಗೈಯನ್ನು ಗೇಣು ಮೇಲೆ ಹಿಡಿದು ಹೇಳುತ್ತಾಳೆ. ಹಿಟ್ಟಿನ ಹದ ಬೆರಳಲ್ಲೇ ತಿಳಿಯುತ್ತಾಳೆ. ಅವಳ ಗಂಡ ಕೊಟ್ರಯ್ಯ ಹಿಂದೊಮ್ಮೆ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಈಗ ಮಂಡಿ ನೋವನ್ನು ಪೂರ್ಣಾವಧಿ ಉದ್ಯೋಗ ಮಾಡಿಕೊಂಡಿದ್ದಾನೆ.

ಆ ವರ್ಷ ಶಿವರಾತ್ರಿ ಕಳೆದ ವಾರಕ್ಕೆ ಊರಿಗೆ ನುಸಿ ಬಂತು. ಕೆಂಪು ನುಸಿ. ಒಂದು ಸಾಸಿವೆ ಕಾಳನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು ದೊಡ್ಡದು. ಎಲೆಯ ರಸ ಹೀರುತ್ತದೆ. ಎಲೆಗಳು ಬೂದಿ ಚಿಮುಕಿಸಿದ ಹಾಗೆ ಮಂಕಾಗುತ್ತವೆ, ಕಾಯಿ ಉದುರುತ್ತದೆ. ನಮಗೆ ಇದೆಲ್ಲ ಕಣ್ಣಿಗೆ ಕಾಣುವ ಮೊದಲೇ ಗೊತ್ತಾಯಿತು, ಬೆನ್ನಿನಲ್ಲಿ. ಎರಡು ಹೆಗಲ ಮೂಳೆಗಳ ನಡುವೆ, ಯಾವ ಕೈಯೂ ತಲುಪದ ಜಾಗದಲ್ಲಿ, ಊರಿಗೆ ಊರೇ ಕೆರೆಯತೊಡಗಿತು. ವಾರದೊಳಗೆ ಜನ ಹೊಂದಿಕೊಂಡರು. ಬೀದಿಯಲ್ಲಿ ಪರಿಚಯದವರು ಸಿಕ್ಕರೆ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಉಜ್ಜಿಕೊಳ್ಳುತ್ತ ಕುಶಲ ವಿಚಾರಿಸುವುದು ಮರ್ಯಾದೆಯಾಯಿತು. ಬಸ್ ನಿಲ್ದಾಣದ ಕಂಬಗಳು ಹೊಳೆಯತೊಡಗಿದವು. ಪುರಸಭೆಯ ಸಭೆಯಲ್ಲಿ ಎಲ್ಲರಿಗೂ ಮನೆಗೆ ಹೋಗಿ ಗೋಡೆಗೆ ಒರಗುವ ಅವಸರವಿದ್ದುದರಿಂದ, ಇಪ್ಪತ್ತು ವರ್ಷದಿಂದ ಬಾಕಿ ಇದ್ದ ಚರಂಡಿಯ ವಿಷಯ ನಾಲ್ಕು ನಿಮಿಷದಲ್ಲಿ ಪಾಸಾಯಿತು. ನುಸಿಯಿಂದ ಊರಿಗೆ ಆದ ಉಪಕಾರ ಅದೊಂದೇ.

ಪುರಸಭೆ ಅಧ್ಯಕ್ಷ ಚನ್ನವೀರಪ್ಪನವರು ದೂರದ ಸಂಶೋಧನಾ ಕೇಂದ್ರಕ್ಕೆ ಪತ್ರ ಬರೆದರು. ಹದಿನೈದು ದಿನಕ್ಕೆ ಜೀಪೊಂದು ಬಂತು. ಅದರಿಂದ ಡಾಕ್ಟರ್ ಪ್ರಭಂಜನ ಎಂಬುವರು ಇಳಿದರು. ಜನರ ಡಾಕ್ಟರಲ್ಲ, ನುಸಿಯ ಡಾಕ್ಟರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಜೊತೆಗೆ ಒಂದರಿಂದ ಐದರವರೆಗೆ ನಂಬರು ಅಂಟಿಸಿದ ಐದು ಬಾಟಲಿ, ಒಂದು ಬೆನ್ನಿಗೆ ಹಾಕುವ ಪಂಪು, ಮತ್ತು ಒಂದು ಕಟ್ಟು ಫಾರಂ. ಅವರು ಊರಿನ ಮೂವತ್ತು ಗಿಡಗಳಿಗೆ ಚೀಟಿ ಎತ್ತಿಸಿದರು. ಐದೈದು ಗಿಡಕ್ಕೆ ಒಂದೊಂದು ಬಾಟಲಿಯ ಔಷಧ. ಉಳಿದ ಐದು ಗಿಡಕ್ಕೆ ಆರನೇ ನಂಬರು, ಅಂದರೆ ಬರೀ ನೀರು.

"ಬರೀ ನೀರು ಯಾಕ್ ಸಾರ್" ಎಂದು ಕೊಟ್ರಯ್ಯ ಕೇಳಿದ.

"ಹೋಲಿಕೆಗೆ. ಔಷಧ ಹೊಡೆಯದಿದ್ದರೆ ಏನಾಗುತ್ತೆ ಅಂತ ಗೊತ್ತಾಗಬೇಕಲ್ಲ."

"ಕೆರೆತ ಆಗುತ್ತೆ ಸಾರ್. ಅದು ಎಲ್ಲರಿಗೂ ಗೊತ್ತೈತಲ್ಲ."

ಡಾಕ್ಟರು ಸಣ್ಣಗೆ ನಕ್ಕು ಮುಂದಿನ ಚೀಟಿ ಬಿಚ್ಚಿದರು. ನನ್ನ ಗಿಡಕ್ಕೆ ಆರು ಬಂತು. ದಾನಮ್ಮನ ಗಿಡಕ್ಕೆ ನಾಲ್ಕು. ಆಮೇಲೆ ಅವರಿಗೆ ನುಸಿ ಎಣಿಸುವವರು ಬೇಕಾದರು. ಅವರ ಸಹಾಯಕ ಹೆಂಡತಿಯ ಬಾಣಂತನಕ್ಕೆ ಊರಿಗೆ ಹೋಗಿದ್ದನಂತೆ. ಗಡಿಯಾರದ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಇಡೀ ದಿನ ಕೂರುವ ಅಭ್ಯಾಸ ಊರಲ್ಲಿ ಒಬ್ಬಳಿಗೇ ಇತ್ತು. ಹಾಗೆ ನಾನು ವಿಜ್ಞಾನಕ್ಕೆ ಸೇರಿದೆ.

ಫಾರಂನಲ್ಲಿ ಮೂರು ಕಾಲಂ ಇದ್ದವು: ಗಿಡದ ನಂಬರು, ಎಲೆಯ ನಂಬರು, ಎಲೆಗೆ ಎಷ್ಟು ನುಸಿ. ಔಷಧ ಹೊಡೆಯುವ ಹಿಂದಿನ ದಿನ ಒಮ್ಮೆ, ಆಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದನೇ ದಿನ ಒಮ್ಮೊಮ್ಮೆ ಎಣಿಸಬೇಕು. ಮನೆಯವರ ಮೈಗೆ ಏನಾಯಿತು ಎಂದು ಬರೆಯುವುದು ಎಲ್ಲಿ ಎಂದು ಕೇಳಿದೆ.

"ಅದಕ್ಕೆ ಕಾಲಂ ಇಲ್ಲ, ರೇವಮ್ಮನವರೇ" ಎಂದರು. ಕಾಲಂ ಇಲ್ಲದ ಮೇಲೆ ಮೈ ಎಲ್ಲಿಂದ ಬರಬೇಕು.

ಔಷಧ ಹೊಡೆದ ದಿನ ಊರು ಒಂದು ಜಾತ್ರೆಯಷ್ಟು ಸಂಭ್ರಮದಲ್ಲಿತ್ತು ಎಂದರೆ ತಪ್ಪಾಗುತ್ತದೆ. ಒಂದು ಆಸ್ಪತ್ರೆಯಷ್ಟು ಗಲಾಟೆಯಲ್ಲಿತ್ತು. ಒಂದನೇ ನಂಬರಿನದು ಗಂಧಕ. ಆ ಐದು ಮನೆಯವರ ಮೈಯಿಂದ ಕೊಳೆತ ಮೊಟ್ಟೆಯ ವಾಸನೆ ಹೊರಟು, ಒಂದು ವಾರ ಅವರಿಗೆ ಬಸ್ಸಿನಲ್ಲಿ ಎಲ್ಲ ಸೀಟೂ ಖಾಲಿ ಸಿಕ್ಕವು. ಎರಡನೆಯದು ಯಾವುದೋ ತೆಳು ಎಣ್ಣೆ. ಆ ಮನೆಗಳಲ್ಲಿ ಲೋಟ ಕೈಯಿಂದ ಜಾರಿತು, ಬಾಗಿಲ ಚಿಲಕ ಜಾರಿತು, ಒಬ್ಬ ಮದುಮಗನ ಕೈಯಿಂದ ಮದುಮಗಳ ಕೈಯೂ ಜಾರಿತು. ಮೂರನೆಯದು ಬೇವು, ಅವರಿಗೆ ಹದಿನೈದು ದಿನ ಪಾಯಸವೂ ಕಹಿ. ಐದನೆಯದರಿಂದ ಏನೂ ಆಗಲಿಲ್ಲ, ನುಸಿಗೂ ಆಗಲಿಲ್ಲ. ನೀರಿನವರಾದ ನಮಗೆ ಸ್ವಲ್ಪ ನೆಗಡಿ ಬಂತು.

ನಾಲ್ಕನೆಯದು ಮಾತ್ರ ಪವಾಡ. ಬೆಳಿಗ್ಗೆ ಹೊಡೆದರೆ ಮಧ್ಯಾಹ್ನದ ಊಟಕ್ಕೆ ಕೆರೆತ ಇಲ್ಲ. ಕೊಟ್ರಯ್ಯ ಬೀದಿಗೆ ಬಂದು ಎರಡೂ ಕೈ ಮುಂದೆ ಕಟ್ಟಿಕೊಂಡು ನಿಂತು ಜನಕ್ಕೆ ತೋರಿಸಿದ. "ನೋಡ್ರಪ್ಪ, ಕೈ ಎಲ್ಲಿ ಐತೆ ನೋಡ್ರಿ. ಬೆನ್ನಿನ ಕಡೆ ಹೋಗೇ ಇಲ್ಲ." ಸಂಜೆಯೊಳಗೆ ಅವನ ಮಂಡಿ ನೋವೂ ಹೋಗಿತ್ತು. ಮೂರನೇ ದಿನ ಎಣಿಸಿದಾಗ ನಾಲ್ಕನೇ ನಂಬರಿನ ಎಲೆಗಳಲ್ಲಿ ಒಂದು ನುಸಿಯೂ ಇರಲಿಲ್ಲ. ನನ್ನ ಗಿಡದಲ್ಲಿ ಎಲೆಗೆ ಇಪ್ಪತ್ತೆಂಟು.

ನೀರಿನ ಮನೆಯವರು ಡಾಕ್ಟರನ್ನು ಸುತ್ತುಗಟ್ಟಿದರು. ನಾವೇನು ಪಾಪ ಮಾಡಿದ್ದೇವೆ, ನಾವೂ ಕಂದಾಯ ಕಟ್ಟುವುದಿಲ್ಲವೇ ಎಂದು ಕೇಳಿದರು. ನೀವು ಕೆರೆದುಕೊಳ್ಳುತ್ತಿರುವುದರಿಂದಲೇ ಉಳಿದವರು ಎಷ್ಟು ಸುಖವಾಗಿದ್ದಾರೆಂದು ಗೊತ್ತಾಗುತ್ತಿರುವುದು ಎಂದು ಡಾಕ್ಟರು ವಿವರಿಸಿದರು. ಇದು ನಮಗೆ ಮೊದಲೂ ಎಲ್ಲೋ ಕೇಳಿದ ಮಾತಿನ ಹಾಗೆ ಅನಿಸಿ ಎಲ್ಲರೂ ಸುಮ್ಮನೆ ಮನೆಗೆ ಹೋದೆವು.

ಹನ್ನೆರಡನೇ ದಿನ ಬೆಳಿಗ್ಗೆ ದಾನಮ್ಮ ನನ್ನ ಅಂಗಡಿಗೆ ಬಂದಳು. ಸೆರಗಿನಲ್ಲಿ ಬಲಗೈ ಸುತ್ತಿಕೊಂಡಿದ್ದಳು. ಬಿಚ್ಚಿ ಮೇಜಿನ ಮೇಲೆ, ನನ್ನ ಸ್ಪ್ರಿಂಗು ಮೊಳೆಗಳ ನಡುವೆ ಇಟ್ಟಳು. ಅಂಗೈ ಕಪ್ಪಾಗಿ, ಚರ್ಮ ಸುಲಿದು ಬಂದಿತ್ತು.

"ಇದೇನೇ ದಾನಮ್ಮ" ಎಂದೆ.

"ಹೆಂಚಿನ ಮ್ಯಾಲೆ ಕೈ ಇಟ್ಕಂಡು ಕೊಟ್ರಯ್ಯನ ಜೊತೆ ಮಾತಾಡ್ತಾ ನಿಂತಿದ್ದೆ ಕಣಕ್ಕ. ಯಾರದೋ ಮನೇಲಿ ಏನೋ ಸುಡ್ತೈತೆ ಅಂದ್ಕಂಡೆ. ವಾಸನೆ ಬಂದ್ಮ್ಯಾಲೆ ನೋಡಿದ್ರೆ ನಂದೇ ಕೈ."

"ನೋವಾಗ್ತಿಲ್ವಾ?"

"ಅದೇ ಅಲ್ವೇನಕ್ಕ ಹೇಳ್ತಿರೋದು. ನೋವಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ, ಅಳ್ತಾ ಮನೇಲಿ ಕೂತಿರ್ತಿದ್ದೆ." ಅವಳು ಎಡಗೈಯಿಂದ ನನ್ನ ಚಿಮುಟ ಎತ್ತಿಕೊಂಡು ಸುಟ್ಟ ಅಂಗೈಗೆ ಚುಚ್ಚಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಮುಚ್ಚಲಿಲ್ಲ. "ಹಿಟ್ಟು ಮೆತ್ತಗೈತೋ ಗಟ್ಟಿಯೈತೋ ಗೊತ್ತಾಗ್ತಿಲ್ಲ. ರೊಟ್ಟಿ ಎಲ್ಲಾ ನಕಾಶೆ ಹಂಗೆ ಆಗ್ತವೆ."

ನಾನು ಅವಳನ್ನು ಕರೆದುಕೊಂಡು ಡಾಕ್ಟರು ಇಳಿದುಕೊಂಡಿದ್ದ ಪ್ರವಾಸಿ ಮಂದಿರಕ್ಕೆ ಹೋದೆ. ಡಾಕ್ಟರ್ ಪ್ರಭಂಜನ ಕೈ ನೋಡಿದರು. ಅವರ ಮುಖ ಸಪ್ಪಗಾಯಿತು. ಅವರು ಕೆಟ್ಟವರಲ್ಲ, ಫಾರಂ ತುಂಬುವವರು. ಪುಸ್ತಕ ತೆಗೆದು ಹುಡುಕಿದರು.

"ಔಷಧದಿಂದ ಸುಟ್ಟ ಗಾಯ ಅಂತ ಬರೆಯೋಕೆ ಅವಕಾಶ ಇದೆ. ಆದರೆ ಅದು ಎಲೆ ಸುಟ್ಟರೆ. ಎಲೆ ಸುಟ್ಟಿದೆಯಾ?"

"ಎಲೆ ಚೆನ್ನಾಗೈತೆ ಸಾರ್. ಕೈ ಸುಟ್ಟೈತೆ" ಎಂದೆ.

"ಹಾಗಾದರೆ ಬರೆಯೋಕೆ ಬರಲ್ಲ." ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಗಿಡ ತೊಳೆದರೆ ಸರಿಹೋಗಬಹುದು. ಆದರೆ ಈಗ ತೊಳೆದರೆ ಪ್ರಯೋಗ ಕೆಡುತ್ತೆ. ಐದು ಗಿಡದಲ್ಲಿ ಒಂದು ಹೋದರೆ ಇಡೀ ವರದಿ ಬಿದ್ದುಹೋಗುತ್ತೆ. ಇನ್ನೊಂಬತ್ತು ದಿನ ತಡೆದುಕೊಳ್ಳೋಕಾಗುತ್ತಾ?"

ದಾನಮ್ಮ ನನ್ನ ಮುಖ ನೋಡಿದಳು. ಇಲ್ಲಿ ನಾನು ಹೇಳಬೇಕಾದ್ದು ಏನೆಂದು ಈಗ ಚೆನ್ನಾಗಿ ಗೊತ್ತಿದೆ. ಆದರೆ ಎರಡು ವಾರದಿಂದ ಊರವರು ನನ್ನನ್ನು 'ಎಣಿಸೋ ಮೇಡಂ' ಎಂದು ಕರೆಯುತ್ತಿದ್ದರು. ನನ್ನ ಸಹಿ ಇದ್ದ ಹಾಳೆಗಳು ದೊಡ್ಡ ಊರಿನ ದೊಡ್ಡ ಕಟ್ಟಡಕ್ಕೆ ಹೋಗುತ್ತಿದ್ದವು. "ಒಂಬತ್ತು ದಿನ ತಾನೇ ದಾನಮ್ಮ, ತಡಿ" ಎಂದೆ.

ಅವಳು ತಡೆದಳು. ಆ ಒಂಬತ್ತು ದಿನದಲ್ಲಿ ಎಡಗೈಯ ಎರಡು ಬೆರಳೂ ಸುಟ್ಟವು. ದಿನಾ ಅವಳ ರೊಟ್ಟಿ ಒಯ್ಯುತ್ತಿದ್ದ ಖಾನಾವಳಿಯವರು ಬೇರೆ ಕಡೆ ಹೋದರು. ಕೊಟ್ರಯ್ಯ ಮಾತ್ರ ದಿನಕ್ಕೆ ನಾಲ್ಕು ಸಲ ಊರು ಸುತ್ತಿ ಬರುತ್ತಿದ್ದ. ಚಪ್ಪಲಿಯಲ್ಲಿ ಹೊಕ್ಕ ಗಾಜಿನ ಚೂರು ಪಾದಕ್ಕೆ ಇಳಿದು ಎರಡು ದಿನವಾಗಿತ್ತು. ಅದನ್ನು ದಾನಮ್ಮ ರಕ್ತದ ಹೆಜ್ಜೆ ನೋಡಿ ಹೇಳಬೇಕಾಯಿತು.

"ತೊಳೆಯೋದು ಗಿಳೆಯೋದು ಬ್ಯಾಡ" ಎಂದು ಅವನು ಹೆಂಡತಿಗೆ ಹೇಳುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. "ಹದಿನೆಂಟು ವರ್ಷ ಆದ್ಮ್ಯಾಲೆ ಮೆಟ್ಲು ಹತ್ತಿದೀನಿ. ನೀನು ರೊಟ್ಟಿ ಬಿಟ್ಟು ಬ್ಯಾರೆ ಏನಾದ್ರೂ ಮಾಡು."

"ಬ್ಯಾರೆ ಏನು ಮಾಡ್ಲಿ, ಹೇಳು."

ಅವನು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದ.

ಈ ನಡುವೆ ನನ್ನ ಗಿಡದಲ್ಲಿ ಒಂದು ವಿಚಿತ್ರ ಕಂಡಿತು. ಕೆಂಪು ನುಸಿಗಳ ನಡುವೆ ಬೇರೊಂದು ನುಸಿ ಓಡಾಡುತ್ತಿತ್ತು. ನಸುಹಳದಿ, ಹೊಳಪು ಮೈ, ಬಲು ಚುರುಕು. ಕೆಂಪು ನುಸಿ ಕುಳಿತಲ್ಲೇ ಕುಳಿತು ರಸ ಹೀರಿದರೆ ಇದು ಎಲೆಯ ನರಗಳ ಮೇಲೆ ಪೊಲೀಸಿನವರ ಹಾಗೆ ಗಸ್ತು ಹೊಡೆಯುತ್ತಿತ್ತು. ವ್ಯತ್ಯಾಸವೆಂದರೆ ಇದು ಕಳ್ಳರನ್ನು ಹಿಡಿಯುತ್ತಿತ್ತು. ಒಂದು ಕೆಂಪು ನುಸಿಯನ್ನು ಹಿಡಿದು ಹೀರಿ ಬರೀ ಸಿಪ್ಪೆ ಮಾಡಿ ಮುಂದಿನದಕ್ಕೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಅದೇ ಹೊತ್ತಿಗೆ ನನ್ನ ಪಕ್ಕೆಯಲ್ಲಿ ಕಚಗುಳಿಯಿಟ್ಟಂತಾಯಿತು. ನೀರಿನ ಐದೂ ಮನೆಯವರಿಗೆ ಹೀಗಾಗುತ್ತಿತ್ತಂತೆ. ಒಬ್ಬರು ಸಾವಿನ ಮನೆಗೆ ಮಾತಾಡಿಸಲು ಹೋಗಿ ಕಿಸಕ್ಕನೆ ನಕ್ಕು ಸಂಬಂಧ ಕೆಡಿಸಿಕೊಂಡು ಬಂದಿದ್ದರು. ಈ ಹಳದಿ ನುಸಿಯನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು ಕೇಳಿದೆ. ಡಾಕ್ಟರು ಮಸೂರ ಇಸಕೊಂಡು ನೋಡಿ, "ಇದು ಒಳ್ಳೇ ನುಸಿ. ಬರೆಯಬೇಡಿ" ಎಂದರು. ಫಾರಂ ಕೆಟ್ಟ ನುಸಿಗಳಿಗೆ ಮಾತ್ರ ಇತ್ತು.

ಇಪ್ಪತ್ತೊಂದನೇ ದಿನ ಕೊನೆಯ ಎಣಿಕೆಯಾಯಿತು. ನಾಲ್ಕನೇ ನಂಬರು: ಸೊನ್ನೆ. ವರದಿ ಹೋಯಿತು. ಪುರಸಭೆಯ ಅಂಗಳದಲ್ಲಿ ಸಭೆ ಸೇರಿ, ಊರಿನ ಎಲ್ಲ ಗಿಡಕ್ಕೂ ನಾಲ್ಕನೇ ಬಾಟಲಿ ಹೊಡೆಸುವುದೆಂದು ಚಪ್ಪಾಳೆಯ ನಡುವೆ ತೀರ್ಮಾನವಾಯಿತು. ಅಷ್ಟು ಔಷಧ ಬರಲು ಇಪ್ಪತ್ತು ದಿನ ಬೇಕಿತ್ತು. ದಾನಮ್ಮನ ಕೈಯ ವಿಷಯ ನಾನು ಎತ್ತಿದೆ. ಚನ್ನವೀರಪ್ಪನವರು ಮೈಕಿನಲ್ಲೇ ಉತ್ತರಿಸಿದರು: "ರೇವಕ್ಕ, ರೊಟ್ಟಿಯೋರು ಸ್ವಲ್ಪ ನೋಡ್ಕಂಡು ಕೆಲಸ ಮಾಡ್ಬೇಕು. ಊರಿನ ಹಿತ ಮುಖ್ಯ." ಮತ್ತೆ ಚಪ್ಪಾಳೆ. ನಾಲ್ಕನೇ ನಂಬರಿನ ಮನೆಯವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಂಗೈ ಕೆಂಪಾದರೂ ಅವರಿಗೆ ಗೊತ್ತಾಗುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಟುವಾಳದ ನೊರೆನೀರು ಮಾಡಿಕೊಂಡು ನಾನೂ ದಾನಮ್ಮನೂ ಅವಳ ಗಿಡ ತೊಳೆದೆವು. ಒಂದೊಂದೇ ಎಲೆ, ಮೇಲೆ ಕೆಳಗೆ. ಕೊಟ್ರಯ್ಯ ಮಾಳಿಗೆಯ ಮೇಲಿನಿಂದ ನೋಡುತ್ತ ನಿಂತಿದ್ದ, ಕೆಳಗಿಳಿಯಲಿಲ್ಲ. ಮೂರು ದಿನ ತೊಳೆದೆವು. ಮೂರನೇ ದಿನ ಮಧ್ಯಾಹ್ನ ಬಟ್ಟಲು ಹಿಡಿದಿದ್ದ ದಾನಮ್ಮ ಅದನ್ನು ಬಿಟ್ಟು ನೆಲಕ್ಕೆ ಕುಕ್ಕರಿಸಿದಳು. ಹನ್ನೆರಡು ದಿನದ ಉರಿ ಒಟ್ಟಿಗೆ ಬಂದಿತ್ತು. ಅವಳು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಉಸಿರು ಕಟ್ಟಿ ಅತ್ತಳು. ನಾನು ಬೆಣ್ಣೆ ತರಲು ಓಡಿದೆ. ತಿರುಗಿ ಬಂದಾಗ ಕೊಟ್ರಯ್ಯ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕುಳಿತಿದ್ದ. ಅವನೂ ಅಳುತ್ತಿದ್ದ, ಆದರೆ ಸಿಟ್ಟಿನಿಂದ.

"ತಪ್ಪಾಯ್ತು ದಾನಮ್ಮ" ಎಂದೆ. "ಆವತ್ತೇ ತೊಳೀಬೇಕಿತ್ತು."

"ಹೂಂ" ಎಂದಳು. ಪರವಾಗಿಲ್ಲ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಪ್ರಯೋಗ ಮುಗಿದರೂ ನಾನು ಎಣಿಸುವುದನ್ನು ಬಿಡಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಂಗಡಿಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ಇಪ್ಪತ್ತೆಂಟನೇ ದಿನ ನಾಲ್ಕನೇ ನಂಬರಿನ ಎಲೆಗಳಲ್ಲಿ ಕೆಂಪು ನುಸಿ ಮತ್ತೆ ಕಂಡಿತು, ಎಲೆಗೆ ಹತ್ತೋ ಹನ್ನೆರಡೋ. ಮೂವತ್ತೈದನೇ ದಿನ ಎಲೆಗೆ ಎಪ್ಪತ್ತು. ಆ ಔಷಧ ಕೆಂಪು ನುಸಿಯ ಜೊತೆಗೆ ಹಳದಿ ನುಸಿಯನ್ನೂ ಗುಡಿಸಿ ಹಾಕಿತ್ತು. ಈಗ ಎಲ್ಲಿಂದಲೋ ಗಾಳಿಯಲ್ಲಿ ಬಂದ ಕೆಂಪು ನುಸಿಗಳಿಗೆ ತಡೆಯುವವರಿಲ್ಲದ ಮನೆ ಸಿಕ್ಕಂತಾಗಿತ್ತು. ತೊಳೆಯದ ನಾಲ್ಕು ಮನೆಯವರಿಗೆ ಮಾತ್ರ ಇದರ ಸುಳಿವೇ ಇರಲಿಲ್ಲ. ಕಾಯಿಗಳು ಅಂಗಳದ ತುಂಬ ಉದುರಿ ಬಿದ್ದಿದ್ದವು. ಅವುಗಳ ಮೇಲೆ ಕುರ್ಚಿ ಹಾಕಿಕೊಂಡು ಅವರು ಸುಖವಾಗಿ ಗಾಳಿ ಸೇವಿಸುತ್ತಿದ್ದರು. ನೀರಿನ ಗಿಡಗಳಲ್ಲಿ ಎಲೆಗೆ ಮೂರು.

ದಾನಮ್ಮನ ಗಿಡಕ್ಕೂ ಹಾಗೇ ಆಯಿತು, ಆದರೆ ಅವಳಿಗೆ ಗೊತ್ತಾಗುತ್ತಿತ್ತು. ಗೋಡೆಗೆ ಬೆನ್ನುಜ್ಜಿ ರವಿಕೆ ಹರಿದಿತ್ತು. ನಾನು ನನ್ನ ಗಿಡದಿಂದ ಹಳದಿ ನುಸಿ ಹೆಚ್ಚಿರುವ ಮೂವತ್ತು ಎಲೆ ಕಿತ್ತೆ. ಒಂದೊಂದು ಎಲೆಗೂ ನೆತ್ತಿಯ ಕೂದಲು ಕಿತ್ತ ಹಾಗೆ ಚುರ್ ಅನ್ನುತ್ತಿತ್ತು. ಅವನ್ನು ಅವಳ ಗಿಡದ ಎಲೆಗಳಿಗೆ ಗಡಿಯಾರದ ಸಣ್ಣ ತಂತಿಯಿಂದ ಸಿಕ್ಕಿಸಿದೆ. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಬೆಳಿಗ್ಗೆ ಗೋಡೆಯಾಚೆ ಕೊಟ್ರಯ್ಯ ಹೋ ಎಂದು ನಗುವುದು ಕೇಳಿಸಿತು. ಹೆಂಡತಿಯೊಡನೆ ಅವನು ಎರಡು ವಾರದಿಂದ ಮಾತು ಬಿಟ್ಟಿದ್ದ. ಮುನಿಸಿಕೊಂಡ ಮುಖದಲ್ಲೇ ಪಕ್ಕೆ ಹಿಡಿದುಕೊಂಡು ನಗುತ್ತಿದ್ದ. ದಾನಮ್ಮ ಅವನ ಮುಂದೆ ರೊಟ್ಟಿ ಇಟ್ಟಳಂತೆ. ಅವನು ಮುಟ್ಟಿ, ಬೆರಳು ಹಿಂತೆಗೆದು, "ಬಿಸಿ ಐತೆ" ಎಂದನಂತೆ. ಅವರ ರಾಜಿ ಅಷ್ಟಕ್ಕೇ ಮುಗಿಯಿತು.

ಔಷಧದ ಲಾರಿ ಬರುವ ಮುನ್ನಾದಿನ ಡಾಕ್ಟರ್ ಪ್ರಭಂಜನ ಮತ್ತೆ ಬಂದರು. ನಾನು ನನ್ನ ಹಾಳೆಗಳನ್ನು ಅವರ ಮುಂದಿಟ್ಟೆ. ನಾಲ್ಕನೇ ನಂಬರಿನ ಒಂದು ಎಲೆಯನ್ನೂ ಮಸೂರವನ್ನೂ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ರೇವಮ್ಮನವರೇ, ಪ್ರಯೋಗ ಇಪ್ಪತ್ತೊಂದನೇ ದಿನಕ್ಕೆ ಮುಗಿದಿದೆ" ಎಂದರು ಕೊನೆಗೆ.

"ನುಸಿಗೆ ಯಾರೂ ತಿಳಿಸಿಲ್ಲ ಅನ್ಸುತ್ತೆ ಸಾರ್."

ಅವರು ನಗಲಿಲ್ಲ. ವರದಿ ಒಪ್ಪಿಗೆಯಾಗಿದೆ, ಮೇಲಿನವರ ಸಹಿಯಾಗಿದೆ, ಲಾರಿ ಹೊರಟಿದೆ, ಈಗ ಏನು ಮಾಡಲೂ ಬರುವುದಿಲ್ಲ ಎಂದರು. ಎಲ್ಲ ಹೇಳಿ ಮುಗಿಸಿ, ಎದ್ದು ಹೋಗುವ ಬದಲು ಕುಳಿತೇ ಇದ್ದರು. ಆಮೇಲೆ ಒಂದು ಫಾರಂ ತೆಗೆದು, ಸ್ಕೇಲು ಇಟ್ಟು, ಬಲಗಡೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಮೇಲೆ 'ಮನೆಯವರ ಹೇಳಿಕೆ' ಎಂದು ಬರೆದರು. "ಇದನ್ನ ಯಾರೂ ಓದಲ್ಲ" ಎಂದರು. "ಆದರೂ ಹೇಳಿ." ದಾನಮ್ಮ ಹೇಳಿದಳು, ಅವರು ಬರೆದುಕೊಂಡರು. ಹೊರಡುವಾಗ, ದೊಡ್ಡ ಸಿಂಪಡಣೆ ಮಾಡುವಾಗಲೂ ಹೋಲಿಕೆಗೆ ಕೆಲವು ಗಿಡ ಬಿಡಲೇಬೇಕೆಂದು ನಿಯಮವಿದೆ, ಯಾವ ಗಿಡ ಎಂದು ಆರಿಸುವುದು ತಮ್ಮ ಅಧಿಕಾರ ಎಂದರು. ನನ್ನ ಮತ್ತು ದಾನಮ್ಮನ ಗಿಡಕ್ಕೆ ತಾವೇ ಆರನೇ ನಂಬರಿನ ತಗಡು ಕಟ್ಟಿದರು. ಸುದ್ದಿ ತಿಳಿದು ಇನ್ನೂ ಒಂಬತ್ತು ಮನೆಯವರು ಅರ್ಜಿ ಹಿಡಿದು ಬಂದರು, ಅದರಲ್ಲಿ ನೀರಿನ ಉಳಿದ ನಾಲ್ಕು ಮನೆಯವರೂ ಇದ್ದರು. ಹನ್ನೊಂದು ಮನೆ. ಉಳಿದ ಊರೆಲ್ಲ ಸೋಮವಾರ ಸುಖವಾಯಿತು. ಅಧ್ಯಕ್ಷರ ಗಿಡಕ್ಕೆ ಗೌರವಾರ್ಥ ಎರಡು ಸಲ ಹೊಡೆದರು.

ನೋವಿಲ್ಲದ ಊರಿನಲ್ಲಿ ನೀವು ಯಾರೂ ಬಾಳಿಲ್ಲ, ಹಾಗಾಗಿ ನಿಮಗೆ ಅದರ ಶಾಂತಿ ಗೊತ್ತಿಲ್ಲ. ಜಗಳ ನಿಂತವು, ಹೊಡೆದವನಿಗೂ ಹೊಡೆಸಿಕೊಂಡವನಿಗೂ ಏನೂ ಆಗದಿದ್ದರೆ ಎಷ್ಟು ಹೊತ್ತು ಜಗಳವಾಡಲು ಸಾಧ್ಯ. ಹಲ್ಲಿನ ಡಾಕ್ಟರು ಅಂಗಡಿ ಮುಚ್ಚಿದರು. ಜನ ಎಡಗಾಲಿನ ಚಪ್ಪಲಿ ಬಲಕ್ಕೆ ಹಾಕಿಕೊಂಡು ಆರಾಮವಾಗಿ ನಡೆದರು. ಆದರೆ ಸ್ವಲ್ಪ ದಿನಕ್ಕೆ ನಮ್ಮ ಹನ್ನೊಂದು ಮನೆಗಳ ಮುಂದೆ ಬೆಳಿಗ್ಗೆ ಜನ ಸೇರತೊಡಗಿದರು. ಒಬ್ಬಳು ಬಕೆಟ್ಟಿನಲ್ಲಿ ಮಗುವಿನ ಸ್ನಾನದ ನೀರು ತಂದು, "ಸ್ವಲ್ಪ ಕೈ ಹಾಕಿ ನೋಡ್ರಿ ಅಕ್ಕ, ಸುಡುತ್ತಾ" ಅನ್ನುತ್ತಿದ್ದಳು. ಇನ್ನೊಬ್ಬ ಕೂಸನ್ನು ಎತ್ತಿಕೊಂಡು ಬಂದು ಹಣೆ ಮುಟ್ಟಿ ಜ್ವರವಿದೆಯೇ ಹೇಳಲು ಕೇಳುತ್ತಿದ್ದ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಸೀರೆ ಅಂಚು ತಂದು ನನ್ನ ಕೈಗಿತ್ತು, "ಇದು ರೇಷ್ಮೆ ಹಂಗೆ ಐತಾ" ಎಂದು ಕೇಳಿ, ಐತೆ ಎಂದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು. ಊರಿನ ಹಿತಕ್ಕೆ ಅಡ್ಡಬಂದವರೆಂದು ಹೆಸರಾದ ನಾವು ಹೀಗೆ ಊರಿನ ಚರ್ಮವಾದೆವು.

ಒಂದು ಮಧ್ಯಾಹ್ನ ಅಧ್ಯಕ್ಷ ಚನ್ನವೀರಪ್ಪನವರು ಬಂದರು. ಕಾರಿನಲ್ಲಲ್ಲ, ನಡೆದು. ನಾನೂ ದಾನಮ್ಮನೂ ಜಗಲಿಯಲ್ಲಿ ಕುಳಿತಿದ್ದೆವು. ಅವರ ತಾಯಿ ತಿಪ್ಪಜ್ಜಿಗೆ ತೊಂಬತ್ತರ ಹತ್ತಿರ. ಕಣ್ಣು ಹೋಗಿ ಆರು ವರ್ಷ, ಹಾಸಿಗೆ ಹಿಡಿದು ಒಂದು ವಾರ ಎಂದು ನಮಗೆ ಗೊತ್ತಿತ್ತು.

"ಅವ್ವ ಒಂದೇ ಸಮ ಕೇಳ್ತೈತೆ" ಎಂದರು ನಿಂತಲ್ಲೇ. "ಯಾರಾದ್ರೂ ನನ್ನ ಕೈ ಹಿಡ್ಕಳ್ರಪ್ಪ, ಯಾರೂ ಇಲ್ವಾ ಅಂತ."

"ಹಿಡ್ಕಳ್ರಿ ಮತ್ತೆ" ಎಂದಳು ದಾನಮ್ಮ.

"ನಾನು ಬೆಳಿಗ್ಗೆಯಿಂದ ಹಿಡ್ಕಂಡೇ ಕೂತಿದೀನಿ, ದಾನಮ್ಮ."

ಅವರು ತಮ್ಮ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ವಸ್ತು ಎಂಬಂತೆ ತಿರುಗಿಸಿ ನೋಡಿದರು. ಮೈಕು ಹಿಡಿದು ಅಭ್ಯಾಸವಾದ ಕೈ. "ಮಾತಾಡಿದ್ರೆ ಕೇಳ್ತೈತೆ. ಇಲ್ಲೇ ಇದೀನವ್ವ ಅಂತೀನಿ. ಸುಳ್ಳು ಹೇಳ್ತೀಯ, ನೀನು ಯಾವಾಗ್ಲೂ ಮೀಟಿಂಗಿನಲ್ಲೇ ಇರ್ತೀಯ ಅಂತೈತೆ." ಆಮೇಲೆ, "ತೊಳೆದ್ರೆ ಎಷ್ಟು ದಿನ ಆಗುತ್ತೆ" ಎಂದು ಕೇಳಿದರು.

"ನಂಗೆ ಮೂರು ದಿನ ಆಯ್ತು" ಎಂದಳು ದಾನಮ್ಮ. "ನಿಮ್ಮದು ಎರಡು ಸಲ ಹೊಡ್ಸಿದ ಗಿಡ."

ಅಧ್ಯಕ್ಷರು ತಲೆ ತಗ್ಗಿಸಿದರು. ನಾನು ಬಾಯಿ ತೆರೆದೆ. ಊರಿನ ಹಿತ, ರೊಟ್ಟಿಯವರು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು, ಚೆನ್ನಾಗಿ ಹದವಾಗಿ ಕೂತಿತ್ತು. ಅಷ್ಟರಲ್ಲಿ ದಾನಮ್ಮ ಎದ್ದು ಒಳಗೆ ಹೋಗಿ ಅಂಟುವಾಳದ ಡಬ್ಬಿ ತಂದಳು. "ಏಣಿ ಐತಾ ನಿಮ್ಮನೇಲಿ" ಎಂದಳು. ನಾನು ನನ್ನ ಮಾತನ್ನು ನುಂಗಿಕೊಂಡು ಬಕೆಟ್ಟು ಎತ್ತಿಕೊಂಡೆ.

ಅಧ್ಯಕ್ಷರ ಗಿಡ ಊರಿನಲ್ಲೇ ದೊಡ್ಡದು. ಅದನ್ನು ತೊಳೆಯಲು ನಾವಿಬ್ಬರು ಸಾಲಲಿಲ್ಲ. ಹೋಲಿಕೆ ಮನೆಗಳವರು ಬಂದರು. ಕೊಟ್ರಯ್ಯ ಕುಂಟುತ್ತ ಬಂದು ಏಣಿ ಹಿಡಿದು ನಿಂತ, ಮಂಡಿಯ ಬಗ್ಗೆ ಪ್ರತಿ ಮೆಟ್ಟಿಲಿಗೂ ಒಂದು ಮಾತು ಹೇಳುತ್ತಿದ್ದ. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಕೆಳಗಿನ ಕೊಂಬೆಗಳನ್ನು ತೊಳೆದರು. ತಣ್ಣೀರೋ ಬಿಸಿನೀರೋ ಅವರಿಗೆ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಮುಂಗೈವರೆಗೆ ಬಟ್ಟೆ ಸುತ್ತಿಕೊಳ್ಳಲು ಹೇಳಬೇಕಾಯಿತು. ಗಂಟೆಗೊಮ್ಮೆ ಒಳಗೆ ಹೋಗಿ ತಾಯಿಯ ಪಕ್ಕ ಕುಳಿತು ಬರುತ್ತಿದ್ದರು. ಮೂರನೇ ದಿನವೂ ಏನೂ ಆಗಲಿಲ್ಲ. ಅಜ್ಜಿ ಗಂಜಿ ಕುಡಿಯುವುದನ್ನು ಬಿಟ್ಟಿತು. ನಾಲ್ಕನೇ ದಿನ ಅದರ ದನಿ ಸಣ್ಣದಾಗಿ, ಕೈ ಹಿಡ್ಕಳ್ರಪ್ಪ ಅನ್ನುವುದೂ ನಿಂತಿತು. ನಾವು ತೊಳೆಯುವುದನ್ನು ಬಿಡಲಿಲ್ಲ. ಬೇರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರು. ನಾನು ಕಿಟಕಿಯ ಹತ್ತಿರದ ಕೊಂಬೆ ತೊಳೆಯುತ್ತಿದ್ದೆ, ಒಳಗಿನದೆಲ್ಲ ಕಾಣುತ್ತಿತ್ತು. ಚನ್ನವೀರಪ್ಪನವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತು ಎರಡೂ ಕೈಯಿಂದ ತಾಯಿಯ ಕೈ ಹಿಡಿದಿದ್ದ‌ರು. ಎಷ್ಟು ಬಿಗಿ ಎಂದು ತಿಳಿಯುತ್ತಿರಲಿಲ್ಲವಲ್ಲ, ಹಿಡಿದದ್ದು ಜಾರಿಹೋದೀತೆಂದು ಗೆಣ್ಣು ಬಿಳಚುವಷ್ಟು ಬಿಗಿಯಾಗಿ ಹಿಡಿದಿದ್ದರು. ಅಜ್ಜಿ ಕಣ್ಣು ಮುಚ್ಚಿ ಮಲಗಿತ್ತು. ಒಮ್ಮೆ ಅದರ ಹುಬ್ಬು ಗಂಟಿಕ್ಕಿತು.

"ಚನ್ನ" ಎಂದಿತು ಅಜ್ಜಿ. "ನಿಧಾನ ಹಿಡಿಯೋ. ನೋಯ್ತೈತೆ."

ಅಧ್ಯಕ್ಷರು ಕೈ ಸಡಿಲಿಸಿದರು. ಆದರೆ ಬಿಡಲಿಲ್ಲ.